ಗ್ರಾಮಫೋನ್ ತಟ್ಟೆಗಳ ಹೊದಿಕೆ ಮತ್ತು ರಕ್ಷಣೆ

ಗೌಹರ್ ಜಾನ್ ಅವರು 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣಕ್ಕೆ ಹಾಡಿದಂದಿನಿಂದ ಅರ್ಧ ಶತಮಾನಕ್ಕೂ ಮಿಕ್ಕಿ ನಮ್ಮ ದೇಶದ ಸಂಗೀತವು ಅರಗಿನ ತಟ್ಟೆಗಳ ಮೂಲಕ ಮನೆಮನೆಯನ್ನು ಸೇರಿತು. 1930ರಲ್ಲಿ ಮೈಸೂರಿನಲ್ಲಿ ನಿಧನ ಹೊಂದಿದ ಆ ಗಾಯಕಿಯ ಕಂಠವು ನಮಗೆ ಉಳಿದಿರುವುದು ಇಂತಹ ತಟ್ಟೆಗಳಿಂದಲೇ. ಆದುದರಿಂದ ಹೊದಿಕೆಯ ವಿಚಾರವು ಕ್ಷುಲ್ಲಕವೇನಲ್ಲ.

ಸಂಗ್ರಾಹಕರು ಸಾಮಾನ್ಯವಾಗಿ ತಟ್ಟೆಯೊಡನೆ ಬಂದ ಮೂಲ ಕಾಗದದ ಚೀಲವನ್ನೇ ಬಯಸುತ್ತಾರೆ. ಅದರ ಮೇಲಿನ ಕಂಪೆನಿಯ ಮುದ್ರೆ, ಕೆಲವೊಮ್ಮೆ ಮಾರಿದ ಅಂಗಡಿಯ ವಿಳಾಸ, ಇವು ಚರಿತ್ರೆಯ ಸಾಮಗ್ರಿಯೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಮರದ ತಿರುಳಿನ ಆ ಅಗ್ಗದ ಕಾಗದವು ಕಾಲಕ್ರಮದಲ್ಲಿ ಆಮ್ಲದ ದೆಸೆಯಿಂದ ಪುಡಿಯಾಗುತ್ತದೆ. ಪುಡಿಯು ಗೆರೆಗಳನ್ನು ಸೇರಿ ಸೂಜಿಯೊಡನೆ ತಟ್ಟೆಯನ್ನು ಸವೆಸುತ್ತದೆ. ಮಳೆಗಾಲದ ತೇವವನ್ನು ಹೀರಿದಾಗಲಂತೂ ಅದು ಬೂಷ್ಟಿಗೆ ಆಶ್ರಯವೇ ಸರಿ. ಆದಕಾರಣ ತಟ್ಟೆಯನ್ನು ಆಮ್ಲರಹಿತ ಕಾಗದದ ಹೊಸ ಚೀಲದಲ್ಲಿರಿಸಿ, ಹಳೆಯ ಚೀಲವನ್ನು ಅದೇ ಕ್ರಮಸಂಖ್ಯೆಯಡಿ ಬೇರೆಯಾಗಿ ಕಾಪಾಡುವುದು ನಮಗೆ ಯುಕ್ತವೆಂದು ತೋರುತ್ತದೆ.

1948ರ ತರುವಾಯ ಪ್ರಚಾರಕ್ಕೆ ಬಂದ ವಿನೈಲ್ ತಟ್ಟೆಗಳಿಗೆ ಪಾಲಿಥೀನ್ ಒಳಚೀಲ ಒಳ್ಳೆಯದು. ಪಿ.ವಿ.ಸಿ. ಹೊದಿಕೆಯಿಂದ ಒಸರುವ ದ್ರವ್ಯವು ತಟ್ಟೆಯ ಮೇಲೆ ಮಬ್ಬು ಮೂಡಿಸಬಲ್ಲದು.

ತಟ್ಟೆಗಳನ್ನು ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಬೇಕು. ಓರೆಯಾಗಿ ಒರಗಿದುದು ಬಾಗುತ್ತದೆ. 10 ಅಂಗುಲದವನ್ನು 12 ಅಂಗುಲದವುಗಳೊಡನೆ ಬೆರೆಸಲಾಗದು.

ಬೂಷ್ಟನ್ನು ಕಂಡೊಡನೆ ಸ್ಪಿರಿಟ್ಟಿನಿಂದ ಒರಸುವವರುಂಟು. ಅರಗು ಸ್ಪಿರಿಟ್ಟಿನಲ್ಲಿ ಕರಗುವ ವಸ್ತು. ಬಟ್ಟೆಗೆ ಹತ್ತುವ ಕಪ್ಪು ಬಣ್ಣವು ಕೊಳೆಯಲ್ಲ, ತಟ್ಟೆಯೇ.