ಓಡುವ ಚಿತ್ರದಲ್ಲಿ ಉಳಿದ ಮುಖ

ಸಹ್ಯಾದ್ರಿಯಲ್ಲಿ ಹುಟ್ಟಿ ಪೂರ್ವಾಭಿಮುಖವಾಗಿ ಹರಿಯುವ ಘಟಪ್ರಭೆಯು ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಗಳ ಜೀವನದಿ. ಹೊಲಗದ್ದೆಗಳಿಗೆ ನೀರುಣಿಸುವ ಈ ತಾಯಿಯೇ 2019ರ ಆಗಸ್ಟ್ ತಿಂಗಳಲ್ಲಿ ದಡ ಮೀರಿ ಗೋಕಾಕ ಪಟ್ಟಣದ ಮನೆಗಳಿಗೆ ನುಗ್ಗಿದಳು. ನೆರೆ ಇಳಿದ ಮೇಲೆ ಗೋಡೆಗೆ ಮತ್ತೆ ಸುಣ್ಣ ಬಳಿಯಬಹುದು. ಪಾತ್ರೆಪಡಗಗಳನ್ನು ಮತ್ತೆ ಕೊಳ್ಳಬಹುದು. ಆದರೆ ನೀರಿನಲ್ಲಿ ನೆನೆದು ಒಂದಕ್ಕೊಂದು ಅಂಟಿಹೋದ ಭಾವಚಿತ್ರಗಳನ್ನು ಯಾವ ಪೇಟೆಯಿಂದ ತರುವುದು? ತೀರಿಹೋದ ಅಜ್ಜಿಯ ಒಂದೇ ಒಂದು ಚಿತ್ರವೂ ಅವುಗಳಲ್ಲಿದ್ದರೆ ಆ ನಷ್ಟಕ್ಕೆ ಬೆಲೆ ಕಟ್ಟುವವರಾರು?

ಹಾಗೆಂದು ಆಸೆ ಬಿಡಬೇಕಾಗಿಲ್ಲ. ಹಿಂದಿನ ಶತಮಾನದ ಕೊನೆಯ ವರ್ಷಗಳಲ್ಲಿ ಮದುವೆಗೆ ವಿಡಿಯೋ ತೆಗೆಸುವುದು ರೂಢಿಗೆ ಬಂದಿತ್ತು. ಗೋಕಾಕದ ಮನೆಯ ಆಲ್ಬಂ ನೀರುಪಾಲಾಗಿದ್ದರೂ ಅದೇ ಮದುವೆಯ ಕ್ಯಾಸೆಟ್ಟು ಹುಕ್ಕೇರಿಯ ತವರುಮನೆಯ ಟ್ರಂಕಿನಲ್ಲಿಯೋ ಮೂಡಲಗಿಯ ಸೋದರಮಾವನ ಅಟ್ಟದ ಮೇಲೆಯೋ ಕ್ಷೇಮವಾಗಿರಬಹುದು. ಅಕ್ಷತೆಯ ಗದ್ದಲದಲ್ಲಿ ಅಜ್ಜಿ ಒಮ್ಮೆ ಕ್ಯಾಮರಾದತ್ತ ತಿರುಗಿ ನಕ್ಕಿದ್ದರೆ ಸಾಕು.

ಐವತ್ತರಲ್ಲಿ ಒಂದು

ಮೊದಲು ಕ್ಯಾಸೆಟ್ಟಿನ ದೃಶ್ಯವನ್ನು ಗಣಕಯಂತ್ರಕ್ಕೆ ಇಳಿಸಬೇಕು. ಬೂಸು ಹಿಡಿದ ಟೇಪನ್ನು ಶುಚಿಮಾಡದೆ ಓಡಿಸಿದರೆ ಟೇಪೂ ಯಂತ್ರವೂ ಕೆಡುವ ಭಯವುಂಟು. ಕ್ಯಾಸೆಟ್ಟು ಓಡಿಸುವ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯಿ ಕಂಪನಿಯು 2016ರಲ್ಲಿಯೇ ಆ ಕೆಲಸ ನಿಲ್ಲಿಸಿತು. ಆದುದರಿಂದ ತಡಮಾಡುವುದು ತರವಲ್ಲ.

ನಮ್ಮ ದೇಶದ ಪದ್ಧತಿಯಂತೆ ಆ ವಿಡಿಯೋದಲ್ಲಿ ಸೆಕೆಂಡಿಗೆ 25 ಚಿತ್ರಗಳು ಸಾಗುತ್ತವೆ. ಅಜ್ಜಿಯ ನಗೆ ಎರಡು ಸೆಕೆಂಡು ಇದ್ದಿತೆಂದರೆ 50 ಚಿತ್ರಗಳು ದೊರೆತಂತಾಯಿತು. ಕಣ್ಣು ತೆರೆದ, ತಲೆ ಅಲುಗದ ಒಂದನ್ನು ಅವುಗಳಲ್ಲಿ ಆರಿಸಬೇಕು. ಬೆಲೆಯಿಲ್ಲದೆ ದೊರೆಯುವ ವಿಎಲ್‌ಸಿ ತಂತ್ರಾಂಶದಲ್ಲಿ 'ಇ' ಕೀಲಿಯನ್ನು ಒತ್ತಿದಂತೆಲ್ಲ ಒಂದೊಂದೇ ಚಿತ್ರ ಮುಂದೆ ಸರಿಯುತ್ತದೆ. ಬೇಕಾದುದು ಬಂದಾಗ 'ಸ್ನ್ಯಾಪ್‌ಶಾಟ್' ಆಜ್ಞೆಯಿಂದ ಉಳಿಸಿಕೊಳ್ಳಬಹುದು. ಪಿಎನ್‌ಜಿ ರೂಪದಲ್ಲಿ ಉಳಿಸಿದರೆ ವಿವರ ನಷ್ಟವಾಗದು.

ಹಳೆಯ ವಿಡಿಯೋದ ಪ್ರತಿ ಚಿತ್ರವೂ ಎರಡು ಅರೆಚಿತ್ರಗಳ ಹೆಣಿಗೆ: ಬೆಸ ಗೆರೆಗಳದೊಂದು, ಸರಿ ಗೆರೆಗಳದೊಂದು. ಅವುಗಳ ನಡುವೆ ಸೆಕೆಂಡಿನ ಐವತ್ತನೆಯ ಒಂದು ಭಾಗದ ಅಂತರ. ಅಷ್ಟರಲ್ಲಿ ತಲೆ ಅಲುಗಿದರೂ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳುತ್ತದೆ. 'ಡಿಇಂಟರ್‌ಲೇಸ್' ಎಂಬ ಕ್ರಿಯೆಯಿಂದ ಈ ದೋಷ ನೀಗುತ್ತದೆ. 720ಕ್ಕೆ 576 ಚುಕ್ಕೆಗಳ ಚಿತ್ರವನ್ನು 768ಕ್ಕೆ 576 ಮಾಡದಿದ್ದರೆ ಮುಖ ಕೊಂಚ ಸಪೂರವಾಗಿ ಕಾಣುತ್ತದೆ.

ಯಾವುದು ನಿಜವಾದ ಮುಖ?

ಇಷ್ಟಾದರೂ ಅಂಗುಲಕ್ಕೆ 300 ಚುಕ್ಕೆಗಳಂತೆ ಅಚ್ಚು ಹಾಕಿದಾಗ ಇಡೀ ಚಿತ್ರ ಎರಡೂವರೆ ಅಂಗುಲದಷ್ಟೇ ಅಗಲ. ಗೋಡೆಗೆ ಹಿಗ್ಗಿಸಿದರೆ ಮಸುಕಾಗುವುದು ಸಹಜ. ಇದಕ್ಕೆ ಕೃತಕ ಬುದ್ಧಿಮತ್ತೆಯ ಮದ್ದು ಈಗ ಬಂದಿದೆ. ಮಸುಕು ಮುಖ ಕ್ಷಣದಲ್ಲಿ ಹೊಳೆಯುತ್ತದೆ. ಆದರೆ ಟೇಪಿನಲ್ಲಿಲ್ಲದ ರೆಪ್ಪೆಯನ್ನೂ ಸುಕ್ಕನ್ನೂ ಯಂತ್ರವು ಊಹಿಸಿ ತುಂಬುತ್ತದೆ. ನೋಡಿದವರು 'ಚೆನ್ನಾಗಿದೆ' ಎಂದಾರು. ಅಜ್ಜಿಯ ಮಗಳು ಮಾತ್ರ 'ಇದು ನಮ್ಮವ್ವ ಅಲ್ಲ' ಎಂದಾಳು. ಹಾಗೆ ತಿದ್ದಿಸುವವರು ಮೂಲಚಿತ್ರವನ್ನು ಬೇರೆಯಾಗಿ ಕಾಪಾಡುವುದು ಲೇಸು.

ಕ್ಯಾಸೆಟ್ಟಿನಂತೆ ಅದರಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರೂ ದಿನೇ ದಿನೇ ಹಣ್ಣಾಗುತ್ತಿದ್ದಾರೆ. ಈ ಸಲದ ದೀಪಾವಳಿಗೆ ಮನೆ ಸಾರಿಸುವಾಗ ಟ್ರಂಕನ್ನು ಕೆಳಗಿಳಿಸಿ, ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡುವುದೊಳಿತು.