ಪುಲ್ಲಿ ಬದಲಾಯಿಸುವ ಮುನ್ನ

ಎಣ್ಣೆ ನಗರವೆಂದು ಹೆಸರಾದ ನಮ್ಮ ಚಳ್ಳಕೆರೆಯ ಶೇಂಗಾ ಮಿಲ್ಲುಗಳಲ್ಲಿ ನಾನು ಫಿಟ್ಟರ್. ಶಾಫ್ಟ್ ನಡುಗಿದರೆ ಸಾಕು, "ಮೇಸ್ತ್ರಿ, ಬೇರಿಂಗ್ ಹೋಗೈತೆ, ಬದಲಾಯಿಸ್ರಿ" ಅಂತ ಕರೆ ಬರುತ್ತದೆ. ಎಷ್ಟೋ ಸಲ ಬೇರಿಂಗ್ ನಿರಪರಾಧಿ.

ಒಂದು ಮಿಲ್ಲಿನಲ್ಲಿ ಶೇಂಗಾ ಸಿಪ್ಪೆ ಹಾರಿಸುವ ಫ್ಯಾನಿಗೆ ಗಾಳಿ ಸಾಲದೆಂದು, ಅದು ಇನ್ನೂ ವೇಗವಾಗಿ ತಿರುಗಲಿ ಅಂತ ಮೋಟಾರಿಗೆ ದೊಡ್ಡ ಪುಲ್ಲಿ ಹಾಕಿದ್ದರು. ಅಂದಿನಿಂದ ಬೋಲ್ಟುಗಳು ಸಡಿಲಾಗತೊಡಗಿದವು, ಹೊಸ ಬೇರಿಂಗೂ ಬಾಳಲಿಲ್ಲ. ಸ್ವಿಚ್ ಆಫ್ ಮಾಡಿಸಿ ಪಕ್ಕದಲ್ಲಿ ನಿಂತೆ. ವೇಗ ತುಸು ಇಳಿದದ್ದೇ ತಡ, ನಡುಕ ನಿಂತೇ ಹೋಯಿತು. ಸವೆದ ಬೇರಿಂಗಾದರೆ ನಿಧಾನವಾಗಿ ತಿರುಗುವಾಗಲೂ ಕರಕರ ಅನ್ನುತ್ತದೆ. ಇಲ್ಲಿ ತೊಂದರೆ ಇದ್ದದ್ದು ವೇಗದಲ್ಲಿ.

ಎರಡು ಬೇರಿಂಗುಗಳ ನಡುವಿನ ಶಾಫ್ಟ್ ಎಷ್ಟು ಗಟ್ಟಿ ಇದ್ದರೂ ಮೇಲಿನ ಭಾರಕ್ಕೆ ಕೂದಲೆಳೆಯಷ್ಟು ಬಾಗಿರುತ್ತದೆ. ತಟ್ಟಿದರೆ ಅದು ನಿಮಿಷಕ್ಕೆ ಇಷ್ಟು ಸಲ ಎಂದು ತನ್ನದೇ ಲೆಕ್ಕದಲ್ಲಿ ಕಂಪಿಸುತ್ತದೆ. ಇತ್ತ ಫ್ಯಾನಿನ ತೂಕ ಸುತ್ತಲೂ ಸರಿಸಮ ಇರುವುದೇ ಇಲ್ಲ. ಭಾರದ ಬದಿ ಸುತ್ತಿಗೊಮ್ಮೆ ಶಾಫ್ಟನ್ನು ಹೊರಕ್ಕೆ ಜಗ್ಗುತ್ತದೆ. ಈ ಜಗ್ಗಾಟ ಮತ್ತು ಆ ಕಂಪನ ಒಂದೇ ಲೆಕ್ಕಕ್ಕೆ ಬಂದಾಗ ಪ್ರತಿ ಸುತ್ತೂ ನಡುಕಕ್ಕೆ ನಡುಕ ಕೂಡಿಸುತ್ತದೆ. ಅದೇ ಕ್ರಾಂತಿಕ ವೇಗ. ಅಂದಾಜಿಗೆ ಸರಳ ಸೂತ್ರವಿದೆ: ಶಾಫ್ಟ್ ಭಾರಕ್ಕೆ ಎಷ್ಟು ಮಿಲಿಮೀಟರ್ ಬಾಗಿದೆಯೋ ಅದರ ವರ್ಗಮೂಲದಿಂದ 946ನ್ನು ಭಾಗಿಸಿ. 1 ಮಿ.ಮೀ. ಬಾಗಿದ್ದರೆ ನಿಮಿಷಕ್ಕೆ 946 ಸುತ್ತು, ಕಾಲು ಮಿ.ಮೀ. ಆದರೆ 1,892.

ಈ ವೇಗವನ್ನು ದಾಟಿ ಓಡಲು ಆಗುವುದೇ ಇಲ್ಲವೆಂದು 1869ರಲ್ಲಿ ಸ್ಕಾಟ್ಲೆಂಡಿನ ಎಂಜಿನಿಯರ್ ರ‍್ಯಾಂಕಿನ್ ವಾದಿಸಿದ್ದರು. ಸ್ವೀಡನ್ನಿನ ಗುಸ್ತಾಫ್ ಡಿ ಲಾವಲ್ ಬೇಕೆಂದೇ ತೆಳ್ಳನೆಯ, ಬಾಗುವ ಶಾಫ್ಟ್ ಬಳಸಿ ತಮ್ಮ ಉಗಿ ಟರ್ಬೈನನ್ನು ಅದರಾಚೆ ಓಡಿಸಿ ತೋರಿಸಿದರು. ನನಗೆ ಬಹಳ ಇಷ್ಟವಾದ ಸಂಗತಿ ಇದು: ಆ ವೇಗ ದಾಟಿದ ಮೇಲೆ ಭಾರದ ಬದಿ ಒಳಕ್ಕೆ ಸರಿದು, ಚಕ್ರ ತನ್ನ ತೂಕದ ಕೇಂದ್ರದ ಸುತ್ತಲೇ ತಿರುಗತೊಡಗುತ್ತದೆ, ನಡುಕ ತಗ್ಗುತ್ತದೆ. 1919ರಲ್ಲಿ ಎಂಜಿನಿಯರ್ ಜೆಫ್‌ಕಾಟ್ ಇದನ್ನು ಲೆಕ್ಕದಿಂದ ಬಿಡಿಸಿ ಹೇಳಿದರು. ದಾಟುವುದಾದರೆ ಬೇಗ ದಾಟಬೇಕು. ಅಲ್ಲೇ ನಿಂತು ಓಡಿದರೆ ಶಾಫ್ಟ್ ಉಳಿಯದು. ಮೊಳಕಾಲ್ಮುರಿನ ರೇಷ್ಮೆ ಸೀರೆಗೆ ಬೇಕಾದ ನೂಲನ್ನು ಹುರಿ ಮಾಡುವ ಸ್ಪಿಂಡಲ್ಲಿಗೂ ನಿಯಮ ಇದೇ.

ಆ ಮಿಲ್ಲಿನಲ್ಲಿ ಬೇರಿಂಗ್ ಸ್ಟ್ಯಾಂಡುಗಳನ್ನು ಹತ್ತಿರಕ್ಕೆ ಸರಿಸಿ, ಫ್ಯಾನನ್ನು ಬ್ಯಾಲೆನ್ಸ್ ಮಾಡಿಸಿದೆ. ನಡುವೆ ಭಾರವಿರುವ ಶಾಫ್ಟಿನ ಅಂತರ ಅರ್ಧವಾದರೆ ಬಾಗು ಎಂಟನೇ ಒಂದಕ್ಕೆ ಇಳಿಯುತ್ತದೆ. ದಪ್ಪ ಎರಡರಷ್ಟಾದರೆ ಹದಿನಾರನೇ ಒಂದಕ್ಕೆ. ಬಾಗು ಇಳಿದಷ್ಟೂ ಕ್ರಾಂತಿಕ ವೇಗ ಮೇಲೇರುತ್ತದೆ.

ಮಿಲ್ ಮಾಲೀಕರಲ್ಲಿ ನನ್ನದೊಂದು ವಿನಂತಿ. ಪುಲ್ಲಿ ಬದಲಾಯಿಸುವ ಮೊದಲು ಶಾಫ್ಟಿನ ಉದ್ದ, ದಪ್ಪ, ಮೇಲಿನ ಭಾರ ಬರೆದುಕೊಂಡು ಲೆಕ್ಕ ಹಾಕಿಸಿ. ಓಡುವ ವೇಗ ಕ್ರಾಂತಿಕ ವೇಗದಿಂದ ಕನಿಷ್ಠ ಶೇ 20ರಷ್ಟು ದೂರವಿರಲಿ. ಆ ಶಾಫ್ಟಿನ ಪಕ್ಕದಲ್ಲೇ ದಿನವಿಡೀ ಆಳುಗಳು ನಿಂತು ದುಡಿಯುತ್ತಾರೆ.