ಸಾಬರ ಸೈಕಲ್ ಶಾಪು

ಮಂಡ್ಯ ಸೀಮೆಯ ಪುಟ್ಟ ಪೇಟೆ. ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಎಂಟು ಗಂಟೆಗೆಲ್ಲ ಸಾಬರ ಸೈಕಲ್ ಶಾಪಿನ ಬಾಗಿಲು ತೆರೆದಿರುತ್ತದೆ. ಒಳಗೆ ಕಾಲಿಡಲು ಜಾಗವಿಲ್ಲ. ಸೂರಿನಿಂದ ಟೈರು, ರಿಮ್ಮು ಜೋತಾಡುತ್ತಿವೆ. ಗೋಡೆಯ ಮೊಳೆಗಳಲ್ಲಿ ಚೈನು, ಬ್ರೇಕ್ ಕೇಬಲ್ಲು. ಹಾಗಾಗಿ ರಿಪೇರಿಯೆಲ್ಲ ಹೊರಗೆ, ಹೊಂಗೆ ಮರದಡಿ, ಗಿರಾಕಿಯ ಕಣ್ಣೆದುರೇ. ಪಂಪು ಕಟ್ಟೆಯ ಮೇಲೇ ಇರುತ್ತದೆ. ಗಾಳಿ ನೀವೇ ಹೊಡೆದುಕೊಂಡರೆ ಕಾಸಿಲ್ಲ.

ಯೂನಿಫಾರಂ ತೊಟ್ಟ ಹುಡುಗಿಯೊಬ್ಬಳು ಸೈಕಲ್ ತಳ್ಳಿಕೊಂಡು ಬಂದಳು. "ಮಾಮ, ಪಂಚರ್ ಆಗದೆ. ಬೇಗ ಹಾಕ್ಕೊಡಿ, ಬೆಲ್ ಹೊಡೀತದೆ."

"ಇರವ್ವ, ನೋಡಾಣ." ಸಾಬರು ಚೂರು ಗಾಳಿ ತುಂಬಿ, ಬೆರಳಿಗೆ ಎಂಜಲು ಹಚ್ಚಿಕೊಂಡು ವಾಲಿನ ಬಾಯಿಗೆ ಸವರಿದರು. ಗುಳ್ಳೆಯೆದ್ದಿತು. "ಪಂಚರಲ್ಲ, ವಾಲ್‌ಟ್ಯೂಬ್ ಹೋಗದೆ." ಪಿಸುಕಲಾಗಿದ್ದ ರಬ್ಬರು ಕಿತ್ತು ಹೊಸ ತುಂಡು ಏರಿಸಿದರು. "ಐದು ರೂಪಾಯಿ. ಇಲ್ದಿದ್ರೆ ನಾಳೆ ಕೊಡು, ಓಡು."

ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಹಂಚಲು ಶುರುಮಾಡಿದಾಗ, ನಟ್ಟು ಬಿಗಿ ಮಾಡಿಸಲು ಮಕ್ಕಳು ಎಡತಾಕಿದ್ದು ಇಂಥ ಅಂಗಡಿಗಳಿಗೇ.

ಡೈರಿಗೆ ಹಾಲು ಹಾಕಿ ಬಂದ ಗೌಡರದು 28 ಇಂಚಿನ ಹಳೇ ಸೈಕಲ್ಲು. ಮುಂದಿನ ಚಕ್ರಕ್ಕೆ 32 ಕಡ್ಡಿಯಾದರೆ, ಭಾರ ಹೊರುವ ಹಿಂದಿನದಕ್ಕೆ 40. ಆ ಹಿಂದಿನದೇ ಕೂತುಬಿಟ್ಟಿದೆ. ಸಾಬರು ಟೈರು ಎತ್ತಿ, ಟ್ಯೂಬು ಎಳೆದು, ಗಾಳಿ ತುಂಬಿ ನೀರಿನ ಬಾಂಡ್ಲಿಯಲ್ಲಿ ಅದ್ದಿದರು. "ಗೌಡ್ರೇ, ಇಲ್ನೋಡಿ." ಗೌಡರೂ ಬಗ್ಗಿದರು. ಸಣ್ಣ ಗುಳ್ಳೆಗಳು ಸಾಲಾಗಿ ಮೇಲೇಳುತ್ತಿದ್ದವು.

"ಟ್ಯೂಬೇ ಬದ್ಲಾಯ್ಸಿಬುಡಿ ಸಾಬ್ರೇ."

"ಇನ್ನೊಂದು ವರ್ಸ ಬತ್ತದೆ. ಯಾಕೆ ದುಡ್ಡು ದಂಡ?"

ತೂತಿನ ಸುತ್ತ ಉಜ್ಜಿ ತರಿ ಮಾಡಿ, ಸಲೂಷನ್ ಸವರಿ, ಅದು ಆರುವವರೆಗೆ ಕಾದರು. ಹಸಿಯಿದ್ದಾಗ ಅಂಟಿಸಿದರೆ ಪ್ಯಾಚು ನಿಲ್ಲುವುದಿಲ್ಲ. ಆ ಬಿಡುವಿನಲ್ಲಿ ಟೈರಿನ ಒಳಮೈಗೆ ಬೆರಳಾಡಿಸಿ, ಮುರಿದು ಕೂತಿದ್ದ ಜಾಲಿಮುಳ್ಳನ್ನು ಕಿತ್ತು ಗೌಡರ ಅಂಗೈಗೆ ಹಾಕಿದರು. ಪ್ಯಾಚು ಕೂರಿಸಿ ಮತ್ತೆ ನೀರಿಗೆ ಅದ್ದಿದಾಗ ಗುಳ್ಳೆಯ ಸುಳಿವಿಲ್ಲ. ರೋಗವನ್ನೂ, ಅದು ವಾಸಿಯಾದದ್ದನ್ನೂ ಗಿರಾಕಿ ಕಣ್ಣಾರೆ ಕಂಡ ಮೇಲೆ ಚೌಕಾಸಿಗೆ ಎಡೆಯೆಲ್ಲಿ? ಗೌಡರು ತುಟಿಪಿಟಕ್ಕೆನ್ನದೆ ದುಡ್ಡು ಕೊಟ್ಟರು. ಕಂಪನಿಗಳ ಸರ್ವಿಸ್ ಸೆಂಟರುಗಳಲ್ಲಿ ಗಾಡಿ ಗಾಜಿನಾಚೆ ಹೋಗುತ್ತದೆ, ಬಿಲ್ಲು ಈಚೆ ಬರುತ್ತದೆ. ನಡುವೆ ನಡೆದದ್ದು ನಮಗೆ ಕಾಣುವುದಿಲ್ಲ.

ಬಿಸಿಲೇರುವ ಹೊತ್ತಿಗೆ ಕಾಲೇಜು ಹುಡುಗನೊಬ್ಬ ಮಿರಿಮಿರಿ ಮಿಂಚುವ ಗೇರ್ ಸೈಕಲ್ ತಂದ. ಹೈಡ್ರಾಲಿಕ್ ಡಿಸ್ಕ್ ಬ್ರೇಕು ಹಿಡಿಯುತ್ತಿಲ್ಲ. ಸಾಬರು ಕೂತು ನೋಡಿದರು, ಲಿವರ್ ಒತ್ತಿದರು, ಮತ್ತೆ ನೋಡಿದರು.

"ಇದು ನನಗೆ ಬರಲ್ಲ ಮಗ. ಇದಕ್ಕೆ ಎಣ್ಣೆ ತುಂಬೋ ಸಾಮಾನೂ ನನ್ನತ್ರ ಇಲ್ಲ. ಮೈಸೂರಿಗೆ ತಗೊಂಡೋಗು. ಇಲ್ಲಿ ಯಾರಾರ ಮಾಡ್ತೀನಿ ಅಂದ್ರೆ ಕೊಟ್ಟುಬುಟ್ಟೀಯ!" ಎನ್ನುತ್ತಲೇ ಸಡಿಲವಾಗಿದ್ದ ಸೀಟಿನ ಬೋಲ್ಟು ಬಿಗಿ ಮಾಡಿದರು.

ಹುಡುಗ ಜೇಬಿಗೆ ಕೈ ಹಾಕಿದ. "ಎಷ್ಟಾಯ್ತು?"

"ಮಾತಾಡಿದ್ದಕ್ಕೆ ಕಾಸು ಈಸ್ಕೊಳ್ಳಕೆ ನಾನೇನ್ ಲಾಯರಾ? ಹೋಗಪ್ಪ."